ನಾಟಿ ಸಾಲಿಗೆ ಹೋದ ನನ್ನ ಪದ

ನಮ್ಮ ಮನೆಯಲ್ಲಿ ಜಗಳ ಆಗುತ್ತಿದ್ದದ್ದು ಎರಡೇ ವಿಷಯಕ್ಕೆ. ಒಂದು ಸಾರಿನ ಉಪ್ಪು, ಇನ್ನೊಂದು ಪದ್ಯದ ಪ್ರಾಸ. ಉಪ್ಪಿನ ಜಗಳ ಊಟದ ಜೊತೆ ಮುಗಿದುಹೋಗುತ್ತಿತ್ತು. ಪ್ರಾಸದ್ದು ಹಾಗಲ್ಲ, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು, ಜಗುಲಿಗೆ ಬಂದು ಕೂತು ಮುಂದುವರಿಯುತ್ತಿತ್ತು. ಒಂದು ಕಡೆ ಅಪ್ಪ. ಶನಿವಾರಸಂತೆ ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು, ಬರೀ ಮಾತಾಡುವಾಗಲೂ ಹೆಬ್ಬೆರಳಿನಿಂದ ಬೆರಳ ಗೆರೆಗಳ ಮೇಲೆ ಮಾತ್ರೆ ಎಣಿಸುವ ಮನುಷ್ಯ. ಇನ್ನೊಂದು ಕಡೆ ಅವರಮ್ಮ, ಅಂದರೆ ನನ್ನಜ್ಜಿ. ಒಂದಕ್ಷರ ಓದಲು ಬಾರದವಳು, ಆದರೆ ಸುತ್ತ ನಾಲ್ಕೂರಿನ ಗದ್ದೆ ನಾಟಿಗೆ ಪದ ಎತ್ತಿಕೊಡಲು ಅವಳೇ ಬೇಕು. ಇಬ್ಬರೂ ಹಠಮಾರಿಗಳು, ಆ ಹಠ ನನಗೂ ಬಂದಿದೆ ಅಂತ ನನ್ನ ಹಳೆಯ ವಿದ್ಯಾರ್ಥಿಗಳು ಹೇಳುತ್ತಾರೆ, ಹೇಳಲಿ. ಅವ್ವ ಮಾತ್ರ ಈ ಜಗಳಕ್ಕೆ ಸೇರುತ್ತಿರಲಿಲ್ಲ. ಅವಳು ಪದ ಹಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಒಲೆ ಮುಂದೆ ಊದುಗೊಳವೆ ಕೆಳಗಿಟ್ಟು ಇಬ್ಬರಿಗೂ ಸೇರಿಸಿ ಒಂದೇ ಮಾತು ಹೇಳುತ್ತಿದ್ದಳು:

“ಪ್ರಾಸ ಹಾಕಿದ್ರೆ ಅನ್ನ ಬೇಯ್ತದಾ? ಸೌದೆ ತರೋರು ಯಾರು ಅದನ್ನ ಹೇಳಿ ಮೊದ್ಲು.”

ನನಗೆ ಒಂಬತ್ತು ತುಂಬಿದ ಮೇಲೆ ಒಂದು ದಿನ ಮಂಡಿ ಊದಿಕೊಂಡಿತು. ಅದು ಇಳಿಯುವ ಹೊತ್ತಿಗೆ ಮಣಿಕಟ್ಟು, ಆಮೇಲೆ ಕಾಲಿನ ಹರಡು, ಜೊತೆಗೆ ಬಿಡದ ಜ್ವರ. ಮಡಿಕೇರಿಯ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಅಪ್ಪ ಅವ್ವ ಇಬ್ಬರ ಹತ್ತಿರ ಮಾತಾಡಿದರು. ನನಗೆ ಹೇಳಿದ್ದು ಇಷ್ಟೇ: ಇದು ಕೀಲು ಜ್ವರ, ಮಲಗಿರಬೇಕು, ಓಡಬಾರದು, ಮೆಟ್ಟಿಲು ಹತ್ತಬಾರದು, ಸುಮ್ಮನೆ ಎದ್ದು ನಿಲ್ಲಲೂಬಾರದು. ನಡುಮನೆಯ ಕಿಟಕಿ ಕೆಳಗೆ ಮಂಚ ಬಂತು, ನಾನು ಅದರ ಮೇಲೆ ಬಂದೆ. ಮೂರು ವಾರಕ್ಕೊಮ್ಮೆ ಕೇರಳದ ಕಡೆಯ ಕಾಂಪೌಂಡರ್ ಸೈಕಲ್ ಏರಿ ಬಂದು, “ಮೋಳೇ, ಸ್ವಲ್ಪ ಆಚೆ ತಿರುಗ್” ಅಂತ ಮಗಳನ್ನು ಕರೆಯುವ ಹಾಗೆ ಮೆತ್ತಗೆ ಹೇಳಿ, ಮೆತ್ತಗೇನೂ ಅಲ್ಲದ ಸೂಜಿ ಚುಚ್ಚಿ ಹೋಗುತ್ತಿದ್ದ. ಕಿಟಕಿಯಿಂದ ಕಾಣುತ್ತಿದ್ದದ್ದು ಅಂಗಳದ ಒಂದು ಮೂಲೆ, ಬಟ್ಟೆ ಒಣಹಾಕುವ ಹಗ್ಗ, ಕರಿಮೆಣಸಿನ ಬಳ್ಳಿ ಹಬ್ಬಿದ ಒಂದು ಸಿಲ್ವರ್ ಓಕ್ ಮರದ ಅರ್ಧ. ಗದ್ದೆ ಮನೆಯ ಕೆಳಗಿತ್ತು. ಅದು ಕಾಣುತ್ತಿರಲಿಲ್ಲ, ಅಲ್ಲಿಂದ ಮಾತುಗಳು ಮಾತ್ರ ಮೇಲೆ ಬರುತ್ತಿದ್ದವು. ಬರೀ ಕಾಣದೇ ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಕೇಳಿಸುತ್ತಿತ್ತಲ್ಲ, ಅದು ನನ್ನ ಜೀವ ತೆಗೆಯುತ್ತಿತ್ತು.

ಬೆಳಿಗ್ಗೆ ಅವ್ವ ಗಂಜಿ ಹಿಡಿದು ಬರುತ್ತಿದ್ದಳು. ಮಂಚದ ಅಂಚಿಗೆ ಕೂತು, ಮೊದಲು ನನ್ನ ಎದೆಯ ಮೇಲೆ ಅಂಗೈ ಇಟ್ಟು, ಒಂದು ಗಳಿಗೆ ಎಲ್ಲೋ ನೋಡುತ್ತಾ ಇದ್ದು, ಆಮೇಲೆ ಚಮಚ ಎತ್ತುತ್ತಿದ್ದಳು. ನಾನು ಅದನ್ನು ಜ್ವರ ನೋಡುವುದು ಅಂದುಕೊಂಡಿದ್ದೆ. ಗಂಜಿ ಮುಗಿದ ಕೂಡಲೇ ನನ್ನ ಪ್ರಶ್ನೆ:

“ಅವ್ವ, ಇವತ್ತು ಹೊರಗೆ ಹೋಗ್ಲಾ?”

“ನಾಳೆ ನೋಡಾನ.”

ಮರುದಿನವೂ ಅದೇ ಪ್ರಶ್ನೆ, ಅದೇ ನಾಳೆ. ಅಂಗಳಕ್ಕಾದರೂ? ನಾಳೆ. ಬಾಗಿಲ ತನಕ? ನಾಳೆ. ಅವಳು ಒಂದು ದಿನ ಸಿಟ್ಟಾಗಿ ಇಲ್ಲ ಅಂದಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆನೇನೋ. ಅವಳಿಗೆ ಸಿಟ್ಟೂ ಬರುತ್ತಿರಲಿಲ್ಲ. ನನಗೆ ಅವಳ ಮೇಲೆ ಎಂಥ ರೋಷ ಬೆಳೆಯಿತೆಂದರೆ, ಅವಳು ಬಂದಾಗ ಗೋಡೆ ಕಡೆ ಮುಖ ಮಾಡಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡೆ.

ಈ ಹುಡುಗಿ ಹಾಸಿಗೆಯಲ್ಲಿ ಹೊರಳಾಡದ ಹಾಗೆ ಏನಾದರೂ ಮಾಡಬೇಕು ಅಂತ ಅಪ್ಪ ನನಗೆ ಛಂದಸ್ಸು ಹಚ್ಚಿದರು. ಲಘು ಒಂದು ಮಾತ್ರೆ, ಗುರು ಎರಡು. ಬೆರಳ ಮೇಲೆ ಎಣಿಸು, ನಾಲ್ಕು ನಾಲ್ಕಾಗಿ ಕಟ್ಟು. ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರಲಿ, ಅದು ಆದಿಪ್ರಾಸ. ಕೊನೆಯೂ ಕೂಡಿದರೆ ಇನ್ನೂ ಚೆಂದ. ಹೊರಗೆ ಹೋಗಬೇಕು ಅಂತ ಇದೆಯಲ್ಲ, ಹೊರಗಿನ ಮೇಲೇ ಬರಿ ಅಂದರು. ಎರಡು ದಿನ ಒದ್ದಾಡಿ ಬರೆದೆ. ಅಪ್ಪ ಜಗುಲಿಗೆ ಕೇಳಿಸುವ ಹಾಗೆ ಓದಿದರು:

ಬೆಟ್ಟದ ತುದಿಯಲಿ ಹೊಳೆಯುವ ಸೂರ್ಯ
ಪಟ್ಟೆಯ ಹುಲಿಗಳು ಕುಣಿಯುವ ಕಾರ್ಯ
ಚಿಟ್ಟೆಯ ರೆಕ್ಕೆಗೆ ಚಿನ್ನದ ಅಂಚು
ತೊಟ್ಟಿಲ ತೂಗುವ ಬಾನಿನ ಮಿಂಚು

“ನಿಲ್ಸು ನಿಲ್ಸು,” ಅಂದಳು ಅಜ್ಜಿ. “ಹುಲಿ ಎಲ್ಲಿಂದ ಬಂತು?”

“ಪ್ರಾಸಕ್ಕೆ ಬಂತು ಕಣಮ್ಮ,” ಅಂದರು ಅಪ್ಪ.

“ಹುಲಿ ದನಕ್ಕೆ ಬತ್ತದೆ. ಪ್ರಾಸಕ್ಕೆ ಬಂದಿದ್ದು ನಾ ಕಾಣೆ. ಅಲ್ಲ ಕೂಸೇ, ಅಷ್ಟು ಹುಲಿ ಕುಣೀತಾ ಇದ್ರೆ ನೀನು ಸೂರ್ಯನ್ನ ನೋಡ್ಕಂಡು ನಿಂತಿರ್ತೀಯಾ?”

“ಒಂಬತ್ತು ವರ್ಷದ ಮಗು ಆದಿಪ್ರಾಸ ಕೂರಿಸಿದೆ. ಅದು ಬಿಟ್ಟು ಹುಲಿ ಹಿಡ್ಕೊಂಡು ಕೂತೆಯಲ್ಲ!”

“ಹಿಡಿದಿದ್ದು ನಾನಲ್ಲಪ್ಪ, ನೀವು.”

ನನಗೆ ಅಜ್ಜಿಯ ಮೇಲೆ ಕೋಪ ಬಂತು, ನಾಚಿಕೆಯೂ ಆಯಿತು, ಯಾಕೆಂದರೆ ಅವಳು ಹೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು. ಬೆಟ್ಟ ಅಂತ ಬರೆದ ತಕ್ಷಣ ಟ್ಟ ಇರುವ ಮಾತುಗಳನ್ನು ಹುಡುಕಲು ಹೊರಟೆ. ಅವು ನನ್ನ ಕೈ ಹಿಡಿದು ಎಲ್ಲಿಗೋ ಎಳೆದುಕೊಂಡು ಹೋದವು, ನಾನೂ ಹೋದೆ. ಮೂವತ್ತು ವರ್ಷ ಮಕ್ಕಳಿಗೆ ಛಂದಸ್ಸು ಕಲಿಸಿದ ಮೇಲೂ ನನಗೆ ಪ್ರಾಸದ ಮೇಲೆ ಪ್ರೀತಿ ಇದೆ. ಅದು ನಾವು ನೆನೆಸಿರದ ಕಡೆಗೆ ಕರೆದೊಯ್ಯುತ್ತದೆ, ಅದು ಅದರ ಗುಣ. ಆದರೆ ಹೊರಗೆ ಹೋಗಲಾರದೆ ಬಿದ್ದಿರುವವರಿಗೆ ಬೇಕಾದದ್ದು ನೆನೆಸಿರದ ಕಡೆ ಅಲ್ಲ. ನೆನೆದು ನೆನೆದು ಸವೆದುಹೋದ ಒಂದೇ ಜಾಗ ಅವರಿಗೆ ಬೇಕು. ನನಗೆ ಬೇಕಾಗಿದ್ದದ್ದು ಬೆಟ್ಟ ಅಲ್ಲ, ನಮ್ಮ ಗದ್ದೆಯ ಬದು. ಅಲ್ಲಿ ಕೂತು ಕಾಲು ಇಳಿಬಿಟ್ಟರೆ ನೀರು ಹಿಮ್ಮಡಿಗೆ ತಾಗುತ್ತದೆ, ಅಷ್ಟೇ.

ಮರುದಿನ ಮಧ್ಯಾಹ್ನ ಅಪ್ಪ ಶಾಲೆಗೆ ಹೋದ ಮೇಲೆ ಅಜ್ಜಿ ಮಂಚದ ಹತ್ತಿರ ಬಂದು ಕೂತಳು. ರಾಜಿ ಮಾಡಿಕೊಳ್ಳಲು ಬಂದವಳ ಹಾಗೆ ಒಂದು ತುಂಡು ಬೆಲ್ಲ ತಂದಿದ್ದಳು. ಆಮೇಲೆ ನನ್ನ ಬಲಗೈ ಎತ್ತಿ, ಮೂರು ಬೆರಳು ಕೂಡಿಸಿ, ಕಂಬಳಿಯ ಮೇಲೆ ಊರಿಸಿದಳು. ಒಂದು ಸಸಿ. ಪಕ್ಕದಲ್ಲಿ ಇನ್ನೊಂದು.

“ಪದ ಎತ್ತೋಳು ಒಂದು ಸಾಲು ಹೇಳ್ತಾಳೆ. ಉಳಿದೋರು ಅದನ್ನೇ ಎರಡು ಸಲ ಹೇಳ್ತಾರೆ. ಮೊದಲ್ನೇ ಸಲಕ್ಕೆ ಸಸಿ ಊರದು, ಎರಡ್ನೇ ಸಲಕ್ಕೆ ಕಾಲು ಹಿಂದಕ್ಕಿಡದು. ಅಷ್ಟ್ರಲ್ಲಿ ನಂಗೆ ಮುಂದಿಂದು ಹೊಳೀತದೆ.”

“ಅಪ್ಪ ಹೇಳ್ತಾರೆ, ಮಾತಿಗೆ ಗತಿ ಇಲ್ದೋರು ಹೇಳಿದ್ದನ್ನೇ ಹೇಳ್ತಾರಂತೆ.”

“ನಿಮ್ಮಪ್ಪ ಒಂದು ದಿನ ಬಗ್ಗಿ ನಾಟಿ ಮಾಡ್ಲಿ, ಆಮೇಲೆ ಹೇಳ್ಲಿ. ಒಂದೇ ಸಲ ಹೇಳಿ ಮುಂದಕ್ಕೆ ಓಡಿದ್ರೆ ಹಿಂದೆ ಉಳಿದೋಳ ಪಾಡೇನು?”

ಎತ್ತಿಕೊಟ್ಟ ಸಾಲನ್ನು ಬಿಡುವ ಹಾಗೇ ಇಲ್ಲ ಅಂತಲೂ ಅವಳೇ ಹೇಳಿದಳು. ಹಿಡಿಸಲಿ ಬಿಡಲಿ, ಹೇಳಲೇಬೇಕು. ಬಿಟ್ಟರೆ ಕೈ ತಪ್ಪುತ್ತದೆ, ಕೈ ತಪ್ಪಿದರೆ ನಾಟಿ ಡೊಂಕಾಗುತ್ತದೆ. ಒಂದು ವರ್ಷ ಹೀಗೇ ಹಾಡುತ್ತಾ ಅವಳು ತಲೆಯೆತ್ತಿ ನೋಡಿದರೆ ಸಸಿಮಡಿಗೆ ಎಮ್ಮೆ ನುಗ್ಗಿತ್ತಂತೆ. “ಅಯ್ಯೋ ಆ ಹಾಳೆಮ್ಮೆ ಸಸಿಮಡಿಗೆ ನುಗ್ತಲ್ರೇ” ಅಂತ ಕೂಗಿದಳು. ಸಾಲಿನವರೆಲ್ಲ ತಲೆ ತಗ್ಗಿಸಿಕೊಂಡೇ, ರಾಗವಾಗಿ, ಆ ಹಾಳೆಮ್ಮೆ ಸಸಿಮಡಿಗೆ ನುಗ್ತಲ್ರೇ ಅಂತ ಎರಡು ಸಲ ಹಾಡಿ ಮುಗಿಸಿದರು. ಎಮ್ಮೆಯೂ ಅಷ್ಟರಲ್ಲಿ ತನ್ನ ಪಾಲಿನದು ಮುಗಿಸಿತ್ತು. ನಾನು ಪಕ್ಕೆ ನೋಯುವಷ್ಟು ನಕ್ಕೆ. ಅವ್ವ ಅಡಿಗೆಮನೆಯಿಂದ ಓಡಿ ಬಂದು, ಇಷ್ಟು ನಗಿಸಬೇಡಿ ಅತ್ತೆಮ್ಮ ಅಂತ ಗದರಿದಳು. ನಕ್ಕರೂ ತಪ್ಪಾ ಈ ಮನೆಯಲ್ಲಿ ಅಂತ ಅಜ್ಜಿ ಗೊಣಗಿದಳು.

ನನ್ನ ಪದ ಹುಟ್ಟಿದ್ದು ಅದಾಗಿ ಒಂದು ವಾರಕ್ಕೆ. ಗಂಜಿ ಮುಗಿಸಿ ಅವ್ವ ಎಂದಿನ ಉತ್ತರ ಕೊಟ್ಟು ಹೋಗಿದ್ದಳು. ನಾನು ಸುಮ್ಮನೆ ಕಂಬಳಿಯ ಮೇಲೆ ಮೂರು ಬೆರಳು ಊರುತ್ತಾ ಮಲಗಿದ್ದೆ. ಅವಳ ಮಾತು ತಾನಾಗಿ ಬಂದು ಆ ಬೆರಳುಗಳ ಕೆಳಗೆ ಕೂತುಕೊಂಡಿತು. ಹುಡುಕಲೇ ಇಲ್ಲ.

ಹೊಸ್ಲು ದಾಟ್ಲ ಅಂದೆ, ನಾಳೆ ಅಂದ್ಲು ಅವ್ವ
ಅಂಗ್ಳ ಮುಟ್ಲ ಅಂದೆ, ನಾಳೆ ಅಂದ್ಲು ಅವ್ವ
ಬದುವ ಹತ್ಲ ಅಂದೆ, ನಾಳೆ ಅಂದ್ಲು ಅವ್ವ
ಗದ್ದೆ ಕಾಣ್ಲ ಅಂದೆ, ನಾಳೆ ಅಂದ್ಲು ಅವ್ವ

ಸಂಜೆ ಅಪ್ಪನಿಗೆ ತೋರಿಸಿದೆ. ಅವರು ಬೆರಳ ಮೇಲೆ ಎಣಿಸಿದರು, ಮೂರು ಮೂರು ಸರಿಯಾಗಿ ಬಂದಿದೆ ಅಂದರು. ಜೇಬಿನಿಂದ ಪೆನ್ಸಿಲ್ ತೆಗೆದು, ಮೊದಲ ಸಾಲಿನದೊಂದು ಬಿಟ್ಟು ಮಿಕ್ಕ ಮೂರು ‘ನಾಳೆ ಅಂದ್ಲು ಅವ್ವ’ನ ಮೇಲೆ ಗೀಟು ಎಳೆದರು.

“ಒಂದು ಸಲ ಹೇಳಿದ್ದೀಯಲ್ಲ, ಸಾಕು. ಇದು ಪದ್ಯ ಅಲ್ಲ ಮಗಳೇ, ದೂರು.”

ಅಷ್ಟು ಹೇಳಿ ಎದ್ದು ಅಂಗಳಕ್ಕೆ ಹೋದರು. ತಿದ್ದಿದ ಮೇಲೆ ಯಾಕೆ ತಿದ್ದಿದೆ ಅಂತ ಗಂಟೆಗಟ್ಟಲೆ ವಿವರಿಸುವ ಮನುಷ್ಯ ಅವರು. ಅವತ್ತು ವಿವರಿಸಲಿಲ್ಲ. ನನಗೆ ಅಳು ಬಂತು. ಅಜ್ಜಿಯನ್ನು ಕರೆದು, ಗೀಟು ಹಾಕಿದ್ದನ್ನೂ ಸೇರಿಸಿ ಪೂರ್ತಿ ಹೇಳಿದೆ. ಅವಳು ಕಣ್ಣು ಮುಚ್ಚಿ ಪ್ರತಿ ಸಾಲನ್ನು ಎರಡೆರಡು ಸಲ ಹೇಳಿಕೊಂಡಳು.

“ಹುಲಿ ಬಿಟ್ಟೆ ನೋಡು, ಈಗ ದಾರಿಗೆ ಬಂದೆ,” ಅಂದು ಕೆನ್ನೆ ಚಿವುಟಿದಳು.

ನಮ್ಮ ಗದ್ದೆಯ ನಾಟಿ ದಿನ ಬಂತು. ಅಪ್ಪ ಶಾಲೆಗೆ ರಜೆ ಹಾಕಿ ಗದ್ದೆಗೆ ಇಳಿದಿದ್ದರು. ಮುಯ್ಯಿಗೆ ಬಂದಿದ್ದ ಹೆಂಗಸರು ಹದಿನೆಂಟು ಜನ; ಇವತ್ತು ಅವರು ನಮ್ಮ ಗದ್ದೆಗೆ ದುಡಿದರೆ ಇನ್ನೊಂದು ದಿನ ನಾವು ಅವರ ಗದ್ದೆಗೆ ಹೋಗಬೇಕು. ಅವರಿಗೆಲ್ಲ ಅಕ್ಕಿ ರೊಟ್ಟಿ, ಕಳಲೆ ಪಲ್ಯ ಆಗಬೇಕಾಗಿತ್ತು, ಅವ್ವ ಒಬ್ಬಳೇ ಬೇಯಿಸುತ್ತಿದ್ದಳು. ಇವತ್ತಾದರೂ ಬಿಡಬಾರದಾಗಿತ್ತೇ ಇವಳು? ಅಷ್ಟರಲ್ಲಿ ಕೆಳಗಿನಿಂದ ಅಜ್ಜಿಯ ಒಡಕು ದನಿ ಬಂತು. ಹೊಸ್ಲು ದಾಟ್ಲ ಅಂದೆ. ನನಗೆ ನನ್ನ ಕಿವಿಯನ್ನೇ ನಂಬಲಾಗಲಿಲ್ಲ. ಹಿಂದೆಯೇ ಹದಿನೆಂಟು ಗಂಟಲು, ಒಂದು ಸಲ, ಇನ್ನೊಂದು ಸಲ. ನಾನು ಮಂಚದಲ್ಲಿದ್ದೆ, ನನ್ನ ಪದ ಗದ್ದೆಯಲ್ಲಿತ್ತು! ಖುಷಿಗೆ ಕಂಬಳಿ ಕಚ್ಚಿಕೊಂಡೆ. ಅಜ್ಜಿ ನನ್ನ ನಾಲ್ಕು ಸಾಲಿಗೆ ನಿಲ್ಲಲಿಲ್ಲ, ಬಿಸ್ಲು ಕಾಯ್ಲ ಅಂದೆ, ಏಡಿ ಹಿಡಿಲ ಅಂದೆ ಅಂತ ತನ್ನದೂ ಸೇರಿಸಿದಳು. ಪ್ರತಿ ನಾಳೆಗೂ ಸಾಲಿನಲ್ಲಿ ನಗು ಏಳುತ್ತಿತ್ತು. ಆ ಅವ್ವ ಯಾರು ಅಂತ ಎಲ್ಲರಿಗೂ ಗೊತ್ತಿತ್ತಲ್ಲ.

ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತುಹೋಯಿತು. ಅವ್ವ ಬಂದು ಬಾಗಿಲಲ್ಲಿ ನಿಂತಳು. ಕೈಯೆಲ್ಲ ಹಿಟ್ಟು.

“ಯಾರ ಪದ ಅದು?”

“ನಂದು.”

“ಊರೋರ ಬಾಯಲ್ಲಿ ನನ್ನ ಜೈಲು ಪೇದೆ ಮಾಡ್ದೆ.”

“ನಾನು ಅಜ್ಜಿಗೆ ಮಾತ್ರ ಹೇಳಿದ್ದು...”

“ಹೊರಗೆ ಹೋಗ್ಬೇಕು ಅಲ್ವಾ ನಿಂಗೆ? ಹತ್ತು ಬೆನ್ನಿಗೆ.”

ಅವಳು ಕೈ ತೊಳೆಯಲೂ ಇಲ್ಲ. ನನ್ನನ್ನು ಕಂಬಳಿಯಲ್ಲಿ ಸುತ್ತಿ, ಬೆನ್ನಿಗೆ ಹೊತ್ತು, ಹೊಸಿಲು ದಾಟಿದಳು. ನಾನು ಗೆದ್ದೆ ಅಂದುಕೊಂಡೆ. ಅಷ್ಟು ತಿಂಗಳು ಕನಸು ಕಂಡ ಹೊರಗು ಹೇಗಿತ್ತು ಅಂದರೆ, ಮೊದಲು ಕಣ್ಣು ಚುಚ್ಚಿತು. ಮಳೆ ಬಿಟ್ಟಿತ್ತು, ಎಲ್ಲ ಕಡೆಯೂ ಬೆಳಕು. ಆಮೇಲೆ ಕೆಸರಿನ ವಾಸನೆ, ಸಗಣಿ ಗೊಬ್ಬರದ ವಾಸನೆ, ಕಾಲುದಾರಿಯಲ್ಲಿ ಯಾರೋ ಬಿಟ್ಟುಹೋದ ಹರಿದ ಚಪ್ಪಲಿ. ಪದ್ಯದ ಸಾಲಿನಲ್ಲಿ ಹಿಡಿಸುವಂಥದ್ದು ಒಂದೂ ಇರಲಿಲ್ಲ, ಎಲ್ಲವೂ ಒಟ್ಟಿಗೆ ಮೇಲೆ ಬಿತ್ತು. ನಾನು ಅವ್ವನ ಹೆಗಲಿನ ಮೇಲಿಂದ ಬಾಯಿ ಬಿಟ್ಟುಕೊಂಡು ನೋಡಿದೆ. ಅವಳು ಬಿರಬಿರನೆ ಇಳಿಯುತ್ತಿದ್ದಳು.

ಬದುವಿಗೆ ಬಂದು ನಿಂತಾಗ ನಮ್ಮನ್ನು ಮೊದಲು ಕಂಡವಳು ಅಜ್ಜಿ. ಪದ ನಿಂತಿತು. ಹದಿನೆಂಟು ಕೈಗಳು ಕೆಸರಿನಲ್ಲಿ ಇದ್ದಲ್ಲೇ ನಿಂತವು.

“ಯಾಕೆ ನಿಲ್ಸಿದ್ರಿ? ಚೆನ್ನಾಗೇ ಇತ್ತಲ್ಲ, ಹಾಡಿ,” ಅಂದಳು ಅವ್ವ.

“ತಮಾಸೆಗೆ ಕಣೆ ಗೌರಿ,” ಅಂದಳು ಅಜ್ಜಿ.

“ನಾನೂ ಒಂದು ಎತ್ತಿಕೊಡ್ತೀನಿ ಅತ್ತೆಮ್ಮ. ಎಲ್ಲಾರೂ ಹೇಳಿ.”

ಅವಳು ಎತ್ತಿದ ಸಾಲಿಗೆ ರಾಗ ಇರಲಿಲ್ಲ, ಮಾತ್ರೆ ಇರಲಿಲ್ಲ. ಕೂಗಿಗೂ ಹಾಡಿಗೂ ನಡುವಿನ ಯಾವುದೋ ದನಿ.

“ನನ್ನ ಮಗಳ ಗುಂಡಿಗೆ ಕೆಟ್ಟೈತೆ ಅಂದ್ರು ಡಾಕ್ಟ್ರು.”

ಆಮೇಲೆ ಸಾಲಿನ ಕೊನೆಯಲ್ಲಿದ್ದ ಒಬ್ಬ ಮುದುಕಿ, ಜೀವಮಾನದ ಅಭ್ಯಾಸವೋ ಏನೋ, ಕೈಯಲ್ಲಿದ್ದ ಸಸಿ ಊರುತ್ತಾ ಅದನ್ನೇ ಮೆಲ್ಲಗೆ ಹೇಳಿದಳು. ಪಕ್ಕದವಳು ಸೇರಿದಳು. ನನ್ನ ಮಗಳ ಗುಂಡಿಗೆ ಕೆಟ್ಟೈತೆ ಅಂದ್ರು ಡಾಕ್ಟ್ರು. ಎರಡನೇ ಸಲಕ್ಕೆ ಎಲ್ಲರೂ ಹೇಳಿ ಒಂದು ಹೆಜ್ಜೆ ಹಿಂದಕ್ಕಿಟ್ಟರು. ಅವ್ವ ಇನ್ನೊಂದು ಎತ್ತಿದಳು:

“ಎದ್ದು ಓಡಿದ್ರೆ ನಿಂತೇ ಹೋಗ್ತದೇನೋ ಅಂತ ನಂಗೆ ಭಯ.”

ಅದನ್ನೂ ಎರಡು ಸಲ ಹೇಳಿದರು. ಆಮೇಲೆ ಮೂರನೆಯದು:

“ಇಲ್ಲ ಅನ್ನಾಕೆ ಬಾಯಿ ಬರಾಕಿಲ್ಲ, ಅದಕ್ಕೇ ನಾಳೆ ಅಂತೀನಿ.”

ಅಷ್ಟೂ ಜನ ಆ ಮಾತನ್ನು ತಮ್ಮ ಬಾಯಿಂದ ಹೇಳಿದರು, ತಮ್ಮ ತಮ್ಮ ಮಗಳ ಬಗ್ಗೆ ಹೇಳುವವರ ಹಾಗೆ. ಕೆಲವರು ಹೇಳುತ್ತಾ ಅಳುತ್ತಿದ್ದರು, ಆದರೂ ಬಿಡಲಿಲ್ಲ. ನನ್ನ ಎದೆಯ ಸುದ್ದಿ ನನಗೆ ತಿಳಿದದ್ದು ಹೀಗೆ. ಮೊದಲ ಸಲ ಕೇಳಿದಾಗ ಅದು ಅವ್ವ ಸಿಟ್ಟಿಗೆ ಆಡಿದ ಮಾತು ಅನ್ನಿಸಿತ್ತು. ಸಾಲಿನವರು ಹೇಳಿದಾಗ ಅರ್ಥವಾಯಿತು, ಮತ್ತೆ ಹೇಳಿದಾಗ ನಿಜ ಅಂತ ಗೊತ್ತಾಯಿತು. ಹೇಳಿದ್ದನ್ನೇ ಯಾಕೆ ಹೇಳಬೇಕು ಅಂತ ಮಕ್ಕಳು ತರಗತಿಯಲ್ಲಿ ಕೇಳಿದಾಗಲೆಲ್ಲ ನಾನು ಪುಸ್ತಕದ ಉತ್ತರ ಕೊಡುತ್ತಿದ್ದೆ, ಲಯ, ಒತ್ತು, ಹಾಡುಗಾರಿಕೆ ಅಂತ. ನನಗೆ ಗೊತ್ತಿದ್ದ ಉತ್ತರ ಹೇಳಲು ಯಾವತ್ತೂ ಬಾಯಿ ಬರಲಿಲ್ಲ.

ಅಜ್ಜಿ ಕೆಸರು ಕೈಯಲ್ಲೇ ಹಣೆ ಚಚ್ಚಿಕೊಂಡು ಬದುವಿನ ಮೇಲೆ ಕುಸಿದು ಕೂತಳು. ಅವಳಿಗೂ ಯಾರೂ ಹೇಳಿರಲಿಲ್ಲ.

“ನಂಗ್ಯಾಕೋ ಹೇಳ್ಲಿಲ್ಲ? ನಾನು ಆ ಕೂಸನ್ನ ನಗ್ಸಿ ನಗ್ಸಿ ಸಾಯ್ಸಿಬಿಡ್ತಿದ್ನಲ್ಲೋ!”

ಅಪ್ಪ ಆಚೆ ಬದುವಿನಲ್ಲಿ ಸಸಿಕಟ್ಟು ಹಿಡಿದು ನಿಂತಿದ್ದರು. ಬೆರಳು ಆಡುತ್ತಿರಲಿಲ್ಲ. ಅವರು ಆ ಮೂರು ನಾಳೆಗಳ ಮೇಲೆ ಗೀಟು ಎಳೆದದ್ದು ಪದ್ಯ ಚೆಂದವಾಗಲಿ ಅಂತಲೇ? ನನಗೆ ಹಾಗನ್ನಿಸುವುದಿಲ್ಲ. ಅವರಿಗೆ ಅದನ್ನು ಒಂದಕ್ಕಿಂತ ಹೆಚ್ಚು ಸಲ ಓದಲು ಆಗಿರಲಿಕ್ಕಿಲ್ಲ. ದೂರು ಅಂತ ಕರೆದು ನನ್ನನ್ನು ಅಳಿಸಿದರು, ಅದು ತಪ್ಪು. ಈಗ ನನಗೆ ಆಗಿನ ಅವರಿಗಿಂತ ಹೆಚ್ಚು ವಯಸ್ಸು, ಆ ತಪ್ಪನ್ನು ಮನ್ನಿಸುವಷ್ಟು ಬುದ್ಧಿಯೂ ಬಂದಿದೆ. ಅವ್ವನಿಗೆ ನಾನು ಮಾಡಿದ್ದಕ್ಕೆ ಮಾತ್ರ ಇನ್ನೂ ನಾಚಿಕೆಯಾಗುತ್ತದೆ.

ಅವ್ವ ನನ್ನನ್ನು ಬದುವಿನ ಮೇಲೆ ಇಳಿಸಿದಳು. ಕಾಲು ನೀರಿಗೆ ಬಿಡು, ಎಷ್ಟು ಹೊತ್ತು ಬೇಕೋ ಕೂತುಕೋ ಅಂದಳು. ನೀರು ತಣ್ಣಗಿತ್ತು. ನಾನು ಬಹಳ ಹೊತ್ತು ಕೂರಲಿಲ್ಲ. ಹೆಂಗಸರು ನನ್ನ ಕಡೆ ನೋಡದ ಹಾಗೆ ನಾಟಿ ಮುಂದುವರಿಸಿದ್ದರು, ಪದ ಇಲ್ಲದೆ, ಆ ತುಂಡಿನಲ್ಲಿ ಸಾಲು ಸ್ವಲ್ಪ ಸೊಟ್ಟಗೇ ಹೋಯಿತು. ಮನೆಗೆ ಹೋಗೋಣ ಅಂತ ನಾನೇ ಅಂದೆ. ಅವ್ವ ಮತ್ತೆ ಬೆನ್ನು ಕೊಟ್ಟಳು. ದಾರಿಯಲ್ಲಿ ಅವಳ ಕತ್ತಿನ ಬೆವರು ನನ್ನ ಕೆನ್ನೆಗೆ ತಾಗುತ್ತಿತ್ತು. ಅರ್ಧ ದಾರಿಗೆ ಬಂದಾಗ ಕೇಳಿದೆ.

“ಅವ್ವ, ನಾನು ಸತ್ತೋಗ್ತೀನಾ?”

ಅವಳು ನಿಲ್ಲಲಿಲ್ಲ. ನಾಲ್ಕು ಹೆಜ್ಜೆ ಹಾಕಿ, ಜಾರುತ್ತಿದ್ದ ನನ್ನನ್ನು ಒಮ್ಮೆ ಮೇಲಕ್ಕೆ ಎತ್ತಿಕೊಂಡಳು.

“ಗೊತ್ತಿಲ್ಲ ಕಣೆ ಮಗ,” ಅಂದಳು. “ಗಟ್ಟಿಯಾಗಿ ಹಿಡ್ಕ, ಏರು ಬಂತು.”

ನಾನು ಎರಡು ಕೈಯಲ್ಲೂ ಹಿಡಿದುಕೊಂಡೆ.